ಅವ್ವನ ಹೆಸರಿನ ಮುಂದೆ ರಕ್ಷಣೆಯ ತಾರೀಖು ಇಲ್ಲದಿದ್ದರೆ

ಪ್ರಶ್ನೆ: ನಾವು ಬೆಟಗೇರಿಯವರು, ಪ್ರೊಟೆಸ್ಟಂಟರ ದಕ್ಷಿಣ ಭಾರತ ಸಭೆ ಅಂದ್ರ ಸಿಎಸ್‌ಐ ಸಭೆಯವರು. ನಮ್ಮವ್ವ ತೀರಿಕೊಂಡು ಹನ್ನೊಂದು ತಿಂಗಳಾತು, 78 ವರ್ಷ ಆಗಿತ್ತು. ಕೂಸಿದ್ದಾಗ ದೀಕ್ಷಾಸ್ನಾನ, ಹದಿನಾರಕ್ಕ ಸಭೆ ಮುಂದ ನಂಬಿಕಿ ಒಪ್ಪಿಕೊಳ್ಳೋ ಸ್ಥಿರೀಕರಣ. ಅಲ್ಲಿಂದ ಮುಂದ ಭಾನುವಾರದ ಆರಾಧನಿ ತಪ್ಪಿಸಿದಾಕಿ ಅಲ್ಲ. ಕಡೀ ಎರಡು ವರ್ಷ ಮರೆವಿನ ಬ್ಯಾನಿ ಬಂತು, ನಮ್ಮ ಗುರತೂ ಹತ್ತಲಿಲ್ಲ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂತ ನಾವು ಶುರು ಮಾಡಿದ್ರ ಮಾತ್ರ ಕಡೀತನಾ ಹೇಳತಿದ್ಲು. ನನ್ನ ತಮ್ಮ ಹುಬ್ಬಳ್ಯಾಗ ಒಂದು ಪ್ರಾರ್ಥನಾ ಕೂಟಕ್ಕ ಹೋಗ್ತಾನ. 'ಅವ್ವ ಬಾಯಿಬಿಟ್ಟು ಯೇಸುವನ್ನ ಸ್ವೀಕರಿಸಿದ ದಿನಾನ ಇಲ್ಲ, ಕೂಸಿನ ಸ್ನಾನ ಲೆಕ್ಕಕ್ಕಿಲ್ಲ, ಆಕಿಗೆ ರಕ್ಷಣೆ ಆಗಿತ್ತೋ ಇಲ್ಲೋ' ಅಂತಾನ. ಧಾರವಾಡದಾಗ ನನ್ನ ನಾದಿನಿ ಕಥೋಲಿಕರ ಮನಿಗೆ ಕೊಟ್ಟಾಕಿ, ಅವ್ವನ ಹೆಸರಲೆ ಪೂಜಿ ಇಡಸ್ತೀನಿ ಅಂತಾಳ. ಬಾಜೂ ಮನಿ ಅಜ್ಜಾರು ಲಿಂಗಾಯತರು, 'ನಿಮ್ಮವ್ವ ಪುಣ್ಯವಂತಿ, ಮೋಕ್ಷ ಸಿಕ್ಕಿರತೈತಿ ಬಿಡವಾ' ಅಂದ್ರು. ಯಾರ ಮಾತು ಖರೆ? ನಂಬಿದ್ರ ಸಾಕೋ, ಒಳ್ಳೇದು ಮಾಡಿರಬೇಕೋ? ಅವ್ವ ಈಗ ಎಲ್ಲದಾಳ? ಮುಂದಿನ ತಿಂಗಳ ಸಮಾಧಿಗೆ ಕಲ್ಲು ಕೂಡಸೋದೈತಿ, ಏನು ಬರಸೋಣು?

ಉತ್ತರ: ಅಕ್ಕಾರ, ತಾರೀಖಿನ ಮಾತನ್ನು ಮೊದಲು ಮುಗಿಸಿಬಿಡೋಣ. ರಕ್ಷಣೆ ಹೊಂದಿದ ದಿನ ಗೊತ್ತಿಲ್ಲದವರಿಗೆ ರಕ್ಷಣೆಯೇ ಇಲ್ಲ ಎಂದು ಬೈಬಲಿನಲ್ಲಿ ಎಲ್ಲಿಯೂ ಬರೆದಿಲ್ಲ. ಸಿಎಸ್‌ಐ ಹಾಗೆ ಕಲಿಸುವುದಿಲ್ಲ, ಕಥೋಲಿಕರು ಕಲಿಸುವುದಿಲ್ಲ, ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಕೊಡುವ ಬ್ಯಾಪ್ಟಿಸ್ಟ್, ಬ್ರದರನ್, ಪೆಂಟೆಕೋಸ್ಟ್ ಸಭೆಗಳ ತಿಳಿದ ಬೋಧಕರೂ ಹಾಗೆ ಕಲಿಸುವುದಿಲ್ಲ. ಅವರು ಕೇಳುವುದು ನಂಬಿಕೆ ಇದೆಯೇ ಎಂದು. ಅದು ಯಾವ ವಾರ ಶುರುವಾಯಿತು ಎಂದಲ್ಲ. ನಮ್ಮ ಕಡೆ ಅರ್ಧ ಊರಿನ ಹಿರಿಯರ ಹುಟ್ಟಿದ ದಿನ ಜೂನ್ 1. ಸಾಲಿಗೆ ಹಚ್ಚುವಾಗ ಮಾಸ್ತರರು ಬರೆದುಕೊಂಡ ದಿನ ಅದು. ಅಷ್ಟಕ್ಕೆ ಆ ಹಿರಿಯರು ಹುಟ್ಟಿಯೇ ಇಲ್ಲ ಎಂದು ಯಾರೂ ಅನ್ನುವುದಿಲ್ಲ.

ತಾರೀಖನ್ನು ಬದಿಗಿಟ್ಟರೂ ನಿಮ್ಮ ತಮ್ಮನವರ ಪ್ರಶ್ನೆಯ ತಿರುಳು ಉಳಿಯುತ್ತದೆ. ಅದು ಸಣ್ಣ ಪ್ರಶ್ನೆಯಲ್ಲ, ಅವರನ್ನು ಗದರಿಸಿ ಸುಮ್ಮನಾಗಿಸುವಂಥದ್ದೂ ಅಲ್ಲ. ಹಾಗಾಗಿ ಒಂದೊಂದೇ ಪದ ಹಿಡಿದು ನೋಡಬೇಕು.

'ರಕ್ಷಣೆ' ಎಂದು ನಾವು ಓದುವ ಕಡೆ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವುದು 'ಸೋಜೋ' ಎಂಬ ಕ್ರಿಯಾಪದ ಮತ್ತು ಅದರಿಂದ ಬಂದ ಪದಗಳು. ಮುಳುಗುವವನನ್ನು ಎಳೆದುಕೊಳ್ಳುವುದೂ ಅದೇ, ಬೇನೆ ವಾಸಿಮಾಡುವುದೂ ಅದೇ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿಗೆ ಯೇಸು 'ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು' ಎನ್ನುತ್ತಾನೆ (ಮಾರ್ಕ 5:34). ಫರಿಸಾಯನ ಮನೆಯಲ್ಲಿ ಕಣ್ಣೀರಿನಿಂದ ಪಾದ ತೊಳೆದ ಹೆಂಗಸಿಗೆ 'ನಿನ್ನ ನಂಬಿಕೆಯೇ ನಿನ್ನನ್ನು ರಕ್ಷಿಸಿದೆ' ಎನ್ನುತ್ತಾನೆ (ಲೂಕ 7:50). ಕನ್ನಡದಲ್ಲಿ ಎರಡು ಬೇರೆ ಮಾತು. ಗ್ರೀಕಿನಲ್ಲಿ ಎರಡೂ ಕಡೆ ಅದೇ ವಾಕ್ಯ, ಒಂದು ಅಕ್ಷರದ ವ್ಯತ್ಯಾಸವಿಲ್ಲ.

ಈ ಕ್ರಿಯಾಪದ ಮೂರು ಕಾಲಗಳಲ್ಲೂ ಬರುತ್ತದೆ. ಎಫೆಸದವರಿಗೆ 2:8ರಲ್ಲಿ 'ರಕ್ಷಣೆ ಹೊಂದಿದ್ದೀರಿ', ಆಗಿಹೋದ ಕೆಲಸ. 1 ಕೊರಿಂಥದವರಿಗೆ 1:18ರಲ್ಲಿ 'ರಕ್ಷಣೆ ಹೊಂದುತ್ತಿರುವ ನಮಗೆ', ನಡೆಯುತ್ತಿರುವ ಕೆಲಸ. ರೋಮಾಪುರದವರಿಗೆ 5:9ರಲ್ಲಿ ಮುಂದೆ 'ರಕ್ಷಣೆ ಹೊಂದುವೆವು', ಬರಲಿರುವ ದಿನದ ಮಾತು. ಮೂರೂ ಪತ್ರಗಳ ಮೇಲಿರುವ ಹೆಸರು ಆದಿ ಸಭೆಯ ಬೋಧಕ ಪೌಲನದೇ. ನಿಮ್ಮ ಮನೆಯ ಜಗಳದ ಅರ್ಧಭಾಗ ಇಲ್ಲಿಯೇ ಇದೆ. ತಮ್ಮನವರು ಮೊದಲನೆಯ ಕಾಲವನ್ನಷ್ಟೇ ಹಿಡಿದು 'ಆಯಿತೋ ಇಲ್ಲವೋ' ಎನ್ನುತ್ತಾರೆ. ನಾದಿನಿಯವರಿಗೆ ಎರಡನೆಯದು ಮತ್ತು ಮೂರನೆಯದು ಹೆಚ್ಚು ಮುಖ್ಯ.

ಇನ್ನು ನಂಬಿಕೆ. ಹಳೆಯ ದೇವಜ್ಞಾನಿಗಳು ಇದನ್ನು ಮೂರು ಪದರ ಮಾಡಿ ವಿವರಿಸುತ್ತಿದ್ದರು: ಅರಿವು, ಒಪ್ಪಿಗೆ, ಭರವಸೆ. ಯೇಸು ಯಾರು, ಏನು ಮಾಡಿದ ಎಂದು ತಿಳಿಯುವುದು ಅರಿವು. ಅದು ಖರೆ ಎನ್ನುವುದು ಒಪ್ಪಿಗೆ. ಆತನ ಮೇಲೆ ನನ್ನ ಭಾರ ಹಾಕುವುದು ಭರವಸೆ. ಮೊದಲಿನ ಎರಡು ಇದ್ದು ಮೂರನೆಯದು ಇಲ್ಲದಿದ್ದರೆ ಏನಾಗುತ್ತದೆಂದು ಯಾಕೋಬ 2:19 ಚುಚ್ಚಿಯೇ ಹೇಳುತ್ತದೆ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ಗಡಗಡ ನಡುಗುತ್ತವೆ. ಕನ್ನಡದಲ್ಲಿ ಈ ವ್ಯತ್ಯಾಸ ನಮ್ಮ ದಿನದ ಮಾತಿನಲ್ಲೇ ಇದೆ. 'ಅವ ಹೇಳಿದ್ದನ್ನು ನಂಬಿದೆ' ಎನ್ನುವುದು ಬೇರೆ, 'ಅವನ್ನ ನಂಬಿ ಮಗಳನ್ನ ಕೊಟ್ಟೆ' ಎನ್ನುವುದು ಬೇರೆ. ಬೈಬಲಿನ ನಂಬಿಕೆ ಎರಡನೆಯ ಜಾತಿಯದು. 'ಪಿಸ್ತಿಸ್' ಎಂಬ ಗ್ರೀಕ್ ಪದಕ್ಕೆ ನಂಬಿಗಸ್ತಿಕೆ ಎಂಬ ಅರ್ಥವೂ ಇದೆ. ನಂಬಿದವನು ತಾನು ನಂಬಿದಾತನ ಜೊತೆ ಉಳಿಯುತ್ತಾನೆ ಎಂಬುದು ಪದದೊಳಗೇ ಕೂತಿದೆ.

ಜನ ತಪ್ಪುವುದು ಇದಾದ ಮೇಲೆ. ಒಳ್ಳೆಯ ಕೆಲಸದ ಬದಲು ನಂಬಿಕೆಯನ್ನೇ ಒಂದು ಕೆಲಸವನ್ನಾಗಿ ಮಾಡಿಕೊಳ್ಳುತ್ತಾರೆ. ಎಷ್ಟು ಗಟ್ಟಿಯಾಗಿ ನಂಬಿದೆ, ಸರಿಯಾದ ಮಾತಿನಲ್ಲಿ ಹೇಳಿದೆನೇ, ಕಣ್ಣೀರು ಬಂತೇ ಎಂದು ತಮ್ಮ ನಂಬಿಕೆಯ ಮೇಲೆಯೇ ಭಾರ ಹಾಕುತ್ತಾರೆ. ಸಾಸಿವೆ ಕಾಳಿನಷ್ಟು ಸಾಕೆಂದು ಯೇಸುವೇ ಹೇಳಿದ್ದಾನೆ (ಮತ್ತಾಯ 17:20). ಮೂರ್ಛೆರೋಗದ ಹುಡುಗನ ತಂದೆ 'ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು' ಎಂದು ಕೂಗಿದ (ಮಾರ್ಕ 9:24), ಹುಡುಗ ವಾಸಿಯಾದ. ನಂಬಿಕೆ ಹಿಡಿದುಕೊಳ್ಳುವ ಕೈ ಮಾತ್ರ. ಬಿಗಿಯಾಗಿ ಹಿಡಿದ ಕೈಗೂ ನಡುಗುವ ಕೈಗೂ ಸಿಗುವ ರೊಟ್ಟಿ ಒಂದೇ.

ನಂಬಿದರೆ ಸಾಕೋ, ಒಳ್ಳೆಯದು ಮಾಡಿರಬೇಕೋ ಎಂಬುದಕ್ಕೆ ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಅಲ್ಲಿ 'ಎಣಿಸು' ಎಂಬ ಅರ್ಥದ 'ಲೊಗಿಜೊಮಾಯ್' ಎಂಬ ಪದ 25 ವಚನಗಳಲ್ಲಿ 11 ಸಲ ಬರುತ್ತದೆ. ಅದು ವ್ಯಾಪಾರಿಗಳ ಲೆಕ್ಕದ ಪದ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ನೆನೆಸಿಕೊಳ್ಳಿ. ರೈತ ಚೀಲ ತಂದು ಹಾಕುತ್ತಾನೆ, ತೂಕವಾಗುತ್ತದೆ, ದರ ಕಟ್ಟುತ್ತದೆ, ಹಮಾಲಿ ಕಳೆದು ಉಳಿದದ್ದು ಅವನ ಖಾತೆಗೆ ಜಮಾ ಆಗುತ್ತದೆ. ಅದರಲ್ಲಿ ದಲಾಲರ ಉಪಕಾರವೇನೂ ಇಲ್ಲ, ಅದು ಅವನ ಹಕ್ಕಿನ ಹಣ. ಪೌಲ ನಾಲ್ಕನೇ ವಚನದಲ್ಲಿ ಹೇಳುವುದು ಇದನ್ನೇ: ದುಡಿದವನಿಗೆ ಬರುವ ಕೂಲಿ ದಾನವಲ್ಲ, ಸಲ್ಲಬೇಕಾದ ಸಾಲ. ಐದನೇ ವಚನದಲ್ಲಿ ಲೆಕ್ಕ ತಿರುಗುತ್ತದೆ. ಚೀಲವನ್ನೇ ತಾರದವನ, ಅಷ್ಟೇ ಅಲ್ಲ, ಹಳೆಯ ಬಾಕಿ ಹೊತ್ತವನ ಹೆಸರಿಗೆ 'ನೀತಿ', ಅಂದರೆ ದೇವರ ಮುಂದೆ ನಿರ್ದೋಷಿ ಎಂಬ ಜಮಾ ಬೀಳುತ್ತದೆ. ಅವನು ಮಾಡಿದ್ದು ನಂಬಿದ್ದು ಮಾತ್ರ.

ಹಾಗಾದರೆ ಇದು ಖೊಟ್ಟಿ ಲೆಕ್ಕವಲ್ಲವೇ? ಕೇಳಬೇಕಾದ ಪ್ರಶ್ನೆಯೇ. ಉತ್ತರ ಅಧ್ಯಾಯದ ಕೊನೆಯ ವಚನದಲ್ಲಿದೆ: ಯೇಸು ನಮ್ಮ ಅಪರಾಧಗಳಿಗಾಗಿ ಮರಣಕ್ಕೆ ಒಪ್ಪಿಸಲ್ಪಟ್ಟ, ನಾವು ನೀತಿವಂತರೆಂದು ನಿರ್ಣಯ ಹೊಂದುವುದಕ್ಕಾಗಿ ಎಬ್ಬಿಸಲ್ಪಟ್ಟ. ಬಾಕಿ ಹೊಡೆದುಹಾಕಿದ್ದು ಸುಮ್ಮನೆ ಅಲ್ಲ, ಬೇರೊಬ್ಬನು ಕಟ್ಟಿದ್ದಾನೆ. ಕ್ರೈಸ್ತರು ಶಿಲುಬೆಯನ್ನು ಗೋಡೆಗೆ ಹಾಕಿಕೊಳ್ಳುವುದು ಈ ಕಾರಣಕ್ಕೆ.

ಪೌಲ ಕೊಡುವ ಸಾಕ್ಷಿ ಯೆಹೂದ್ಯರ ಮೂಲಪಿತ ಅಬ್ರಹಾಮನದು, ಅದರಲ್ಲಿ ವರ್ಷಗಳ ಲೆಕ್ಕ ಚೊಕ್ಕಾಗಿದೆ. ಅಬ್ರಹಾಮ ನಂಬಿದ್ದು ಆದಿಕಾಂಡ 15ರಲ್ಲಿ. 16ನೇ ಅಧ್ಯಾಯದ ಕೊನೆಗೆ ಇಷ್ಮಾಯೇಲ ಹುಟ್ಟಿದಾಗ ಅವನಿಗೆ 86 ವರ್ಷ. ಸುನ್ನತಿಯಾದದ್ದು 17ರಲ್ಲಿ, 99ನೇ ವಯಸ್ಸಿಗೆ. ಅಂದರೆ ನಂಬಿಕೆ ಲೆಕ್ಕಕ್ಕೆ ಬಿದ್ದು ಕಡಿಮೆಯೆಂದರೂ 13 ವರ್ಷ ಆದ ಮೇಲೆ ಸಂಸ್ಕಾರ ಬಂತು. ಇದನ್ನು ನಿಮ್ಮ ತಮ್ಮನವರು ತಮ್ಮ ಪರವಾಗಿ ಎತ್ತಬಹುದು: ಮೊದಲು ನಂಬಿಕೆ, ಆಮೇಲೆ ಗುರುತು. ಎತ್ತಲಿ. ಆದರೆ ಅದೇ ಅಬ್ರಹಾಮ ತನ್ನ ಮಗ ಇಸಾಕನಿಗೆ ಅದೇ ಗುರುತನ್ನು ಹಾಕಿದ್ದು ಹುಟ್ಟಿದ ಎಂಟನೇ ದಿನಕ್ಕೆ (ಆದಿಕಾಂಡ 21:4), ಕೂಸಿನ ಒಪ್ಪಿಗೆ ಕೇಳಲಿಲ್ಲ. ಕೂಸುಗಳಿಗೆ ದೀಕ್ಷಾಸ್ನಾನ ಕೊಡುವ ಸಭೆಗಳ ವಾದ ನಿಂತಿರುವುದು ಇದರ ಮೇಲೆ ಮತ್ತು ಮನೆಯವರೆಲ್ಲರಿಗೂ ಸ್ನಾನವಾದ ಅಪೊಸ್ತಲರ ಕೃತ್ಯಗಳು 16ರಂಥ ಪ್ರಸಂಗಗಳ ಮೇಲೆ. ಆ ಮನೆಗಳಲ್ಲಿ ಕೂಸುಗಳಿದ್ದವೆಂದು ಬರೆದಿಲ್ಲವಲ್ಲ ಎಂಬುದು ಎದುರಿನವರ ಮಾತು. ಐನೂರು ವರ್ಷದಿಂದ ಮುಗಿಯದ ವಾದ ನಿಮ್ಮ ಪಡಸಾಲೆಯಲ್ಲೂ ಮುಗಿಯುವುದಿಲ್ಲ, ಅದನ್ನು ಅಲ್ಲಿಗೇ ಬಿಡಿ.

ಯಾಕೋಬನೂ ತನ್ನ ಪತ್ರಿಕೆಯಲ್ಲಿ ಅದೇ ಅಬ್ರಹಾಮನನ್ನು ಕರೆದು ಪೌಲನಿಗೆ ಎದುರು ನಿಲ್ಲುವಂತೆ ಕಾಣುತ್ತಾನೆ. 'ನಂಬಿಕೆಯಿಂದ ಮಾತ್ರವೇ' ಎಂಬ ಪದಗುಚ್ಛ ಇಡೀ ಬೈಬಲಿನಲ್ಲಿ ಬರುವುದು ಒಂದೇ ಕಡೆ, ಯಾಕೋಬ 2:24ರಲ್ಲಿ. ಅಲ್ಲಿಯೂ 'ಅಲ್ಲ' ಎಂದು ಹೇಳುವುದಕ್ಕೆ. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್ ಹೊಸ ಒಡಂಬಡಿಕೆಗೆ ಬರೆದ 1522ರ ತನ್ನ ಮುನ್ನುಡಿಯಲ್ಲಿ ಈ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆ ಎಂದು ಹೀಗಳೆದದ್ದೂ ಇದಕ್ಕೇ. ಆತ ಅಲ್ಲಿ ದುಡುಕಿದ. ಇಬ್ಬರೂ ಅಬ್ರಹಾಮನ ಜೀವನದ ಯಾವ ಪುಟ ತೆರೆಯುತ್ತಾರೆಂದು ನೋಡಿದರೆ ಗಂಟು ಸಡಿಲಾಗುತ್ತದೆ. ಪೌಲ ತೆರೆದದ್ದು 15ನೇ ಅಧ್ಯಾಯ, ನಕ್ಷತ್ರ ಎಣಿಸುವ ರಾತ್ರಿ. ಯಾಕೋಬ ತೆರೆದದ್ದು 22ನೇ ಅಧ್ಯಾಯ, ವರ್ಷಗಳಾದ ಮೇಲೆ ಇಸಾಕನನ್ನು ಬಲಿಪೀಠದ ಮೇಲೆ ಮಲಗಿಸಿದ ದಿನ. ಬೇರು ಹಿಡಿದದ್ದು ಯಾವಾಗ ಎಂದು ಒಬ್ಬನ ಪ್ರಶ್ನೆ, ಅದು ಜೀವಂತ ಬೇರು ಎಂದು ಗೊತ್ತಾದದ್ದು ಹೇಗೆ ಎಂದು ಇನ್ನೊಬ್ಬನದು.

ಪೌಲನೂ ಕೆಲಸವನ್ನು ಬಿಟ್ಟಿಲ್ಲ. ಎಫೆಸದವರಿಗೆ 2:8 ಮತ್ತು 9 ಕೂಟಗಳಲ್ಲಿ ಎಲ್ಲರಿಗೂ ಬಾಯಿಪಾಠ: ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ. ಹತ್ತನೆಯದನ್ನು ಬಿಟ್ಟುಬಿಡುತ್ತಾರೆ. ಅಲ್ಲಿ 'ಸತ್ಕ್ರಿಯೆಗಳನ್ನು ಮಾಡುವುದಕ್ಕಾಗಿ' ನಮ್ಮನ್ನು ನಿರ್ಮಿಸಿದ್ದಾನೆ ಎಂದಿದೆ. ಕ್ರಿಯೆ'ಯಿಂದ' ಅಲ್ಲ, ಕ್ರಿಯೆ'ಗಾಗಿ'. ಎರಡು ವಿಭಕ್ತಿ ಪ್ರತ್ಯಯಗಳ ನಡುವೆ ಇಡೀ ವಿಷಯವಿದೆ.

ಕಥೋಲಿಕರು ಪುಣ್ಯಕಾರ್ಯ ಕೂಡಿಸಿ ಸ್ವರ್ಗ ಕೊಳ್ಳುತ್ತಾರೆ ಎಂಬ ಮಾತು ನಮ್ಮ ಕಡೆ ಪ್ರೊಟೆಸ್ಟಂಟರಲ್ಲಿ ಸಲೀಸಾಗಿ ಓಡಾಡುತ್ತದೆ. ಅದು ಸುಳ್ಳು. ಲೂಥರನಿಗೆ ಎದುರಾಗಿಯೇ ಸೇರಿದ ಕಥೋಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ನೀತಿನಿರ್ಣಯದ ಬಗ್ಗೆ ಬರೆದ ಮೊದಲ ವಿಧಿಯೇ, ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಮನುಷ್ಯ ತನ್ನ ಕೆಲಸಗಳಿಂದ ನೀತಿವಂತನಾಗಬಲ್ಲ ಎನ್ನುವವನು ಬಹಿಷ್ಕೃತ ಎಂದು ಹೇಳುತ್ತದೆ. ವ್ಯತ್ಯಾಸ ಬೇರೆ ಕಡೆಯಿದೆ. ದೇವರು ನೀತಿವಂತನೆಂದು 'ಘೋಷಿಸುತ್ತಾನೆ', ಬದಲಾವಣೆ ಅದರ ಬೆನ್ನಿಗೆ ಬರುತ್ತದೆ ಎಂದು ಪ್ರೊಟೆಸ್ಟಂಟರು. ಘೋಷಿಸುವುದೂ ಒಳಗಿನಿಂದ ನೀತಿವಂತನನ್ನಾಗಿ 'ಮಾಡುವುದೂ' ಒಂದೇ ಕ್ರಿಯೆ ಎಂದು ಕಥೋಲಿಕರು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿ, ಮೂಲ ಸತ್ಯದಲ್ಲಿ ನಮ್ಮಲ್ಲಿ ಒಮ್ಮತವಿದೆ ಎಂದವು. 2006ರಲ್ಲಿ ಮೆಥೋಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟವೂ ಅದಕ್ಕೆ ಸೇರಿದವು. ಸುದ್ದಿ ನಮ್ಮ ಓಣಿಗೆ ಇನ್ನೂ ಮುಟ್ಟಿಲ್ಲ, ಅಷ್ಟೇ.

ಈಗ ನಿಮ್ಮ ಅವ್ವನವರ ವಿಷಯಕ್ಕೆ. 'ಬಾಯಿಬಿಟ್ಟು ಸ್ವೀಕರಿಸಬೇಕು' ಎಂಬುದಕ್ಕೆ ತಮ್ಮನವರು ಹಿಡಿದಿರುವುದು ರೋಮಾಪುರದವರಿಗೆ 10:9 ಇರಬೇಕು: ಯೇಸುವನ್ನೇ ಕರ್ತನೆಂದು ಬಾಯಿಂದ ಅರಿಕೆ ಮಾಡಿ, ದೇವರು ಆತನನ್ನು ಸತ್ತವರೊಳಗಿಂದ ಎಬ್ಬಿಸಿದನೆಂದು ಹೃದಯದಿಂದ ನಂಬಿದರೆ ರಕ್ಷಣೆ. ಸರಿಯಾದ ವಚನ. ಆದರೆ ಕೂಟಗಳಲ್ಲಿ ಮುಂದೆ ಕರೆದು, ಕಣ್ಣು ಮುಚ್ಚಿಸಿ, ಬೋಧಕರ ಹಿಂದೆ ಸಾಲುಸಾಲಾಗಿ ಹೇಳಿಸುವ ಪ್ರಾರ್ಥನೆ ಬೈಬಲಿನಲ್ಲಿಲ್ಲ. ಅದು ರೂಢಿಗೆ ಬಂದದ್ದು 19 ಮತ್ತು 20ನೇ ಶತಮಾನದ ಉಜ್ಜೀವನ ಕೂಟಗಳಲ್ಲಿ. ಕೆಟ್ಟದ್ದೆಂದು ಹೇಳುತ್ತಿಲ್ಲ, ಎಷ್ಟೋ ಜನರಿಗೆ ಅದೇ ಬಾಗಿಲಾಗಿದೆ. ಅದೊಂದೇ ಬಾಗಿಲು ಎನ್ನುವುದು ತಪ್ಪು.

ನಿಮ್ಮ ಅವ್ವ ಬಾಯಿಬಿಟ್ಟು ಹೇಳಿದ್ದನ್ನು ಎಣಿಸಿ ನೋಡಿ. ಸ್ಥಿರೀಕರಣದ ದಿನ ಸಭೆಯ ಮುಂದೆ ನಿಂತು, ಕೂಸಿದ್ದಾಗ ತಂದೆತಾಯಿ ತನ್ನ ಪರವಾಗಿ ಕೊಟ್ಟ ಮಾತನ್ನು ತನ್ನ ಬಾಯಿಂದ ತಾನೇ ಒಪ್ಪಿಕೊಂಡರು. ಆ ಆರಾಧನೆ ಇರುವುದೇ ಅದಕ್ಕೆ. ಅಲ್ಲಿಂದ ಮರೆವು ಬರುವವರೆಗೆ 60 ವರ್ಷ, ವರ್ಷಕ್ಕೆ 52 ಭಾನುವಾರ. ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಿ ಯೇಸು ನಮ್ಮ ಕರ್ತನು, ಮೂರನೆಯ ದಿನದಲ್ಲಿ ಸತ್ತವರೊಳಗಿಂದ ಎದ್ದನು ಎಂದು ಮೂರು ಸಾವಿರಕ್ಕೂ ಹೆಚ್ಚು ಸಲ ನಿಂತು ಹೇಳಿದ್ದಾರೆ. ಪೌಲ ಕೇಳಿದ ಎರಡೂ ಮಾತು ಅದರಲ್ಲಿವೆ. ಬಾಯಿಪಾಠವಾಗಿ ಹೇಳಿದ್ದರೆ? ಇರಬಹುದು, ಹೃದಯದ ಮಾತು ನಮಗೆ ಕಾಣದು. ಆದರೆ ಆ ಅನುಮಾನ ಕೂಟದಲ್ಲಿ ಒಂದು ಸಲ ಹೇಳಿದ ಪ್ರಾರ್ಥನೆಗೂ ಅಷ್ಟೇ ಅನ್ವಯಿಸುತ್ತದೆ. 'ಕರ್ತನೇ ಕರ್ತನೇ ಎನ್ನುವವರೆಲ್ಲರೂ' ಒಳಗೆ ಬರುವುದಿಲ್ಲ ಎಂಬ ಮಾತು (ಮತ್ತಾಯ 7:21) ಹಳೆಯ ಸಭೆ, ಹೊಸ ಕೂಟ ಎಂದು ನೋಡುವುದಿಲ್ಲ.

ಇಲ್ಲಿ ಸ್ವಲ್ಪ ಇತಿಹಾಸ ಬೇಕು. ನಿಮ್ಮ ಕಡೆಯ ಸಭೆಗೆ ಬೇರು ಹಾಕಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನಿಮ್ಮ ಬೆಟಗೇರಿಗೆ 1841ರಲ್ಲಿ. ಬಂದವರಲ್ಲಿ ಬಹಳಷ್ಟು ಜನ ದಕ್ಷಿಣ ಜರ್ಮನಿಯ ಪಯಟಿಸ್ಟ್ ಭಕ್ತಿಪಂಥದವರು. ಚರ್ಚಿನ ಹಾಜರಿ ಸಾಲದು, ಒಬ್ಬೊಬ್ಬರೂ ಮನಸ್ಸು ತಿರುಗಿಸಿಕೊಳ್ಳಬೇಕು, ಹೊಸದಾಗಿ ಹುಟ್ಟಬೇಕು ಎಂಬುದು ಅವರ ಜೀವಾಳ. ಅವರೇ ಕೂಸುಗಳಿಗೂ ದೀಕ್ಷಾಸ್ನಾನ ಕೊಟ್ಟರು, ಸ್ಥಿರೀಕರಣಕ್ಕೆ ಪಾಠ ಕಲಿಸಿದರು. ತಮ್ಮನವರು ಹುಬ್ಬಳ್ಳಿಯಲ್ಲಿ ಹೊಸದೆಂದು ಕೇಳಿಬಂದ ಮಾತಿನ ಬೇರು ಅವ್ವನ ಸಭೆಯಲ್ಲೇ 180 ವರ್ಷದಿಂದ ಇದೆ. ಸಭೆಯವರು ಅದನ್ನು ಗಟ್ಟಿಯಾಗಿ ಹೇಳುವುದು ಕಡಿಮೆ ಮಾಡಿದ್ದರಿಂದಲೇ ಹುಡುಗರು ಬೇರೆ ಕಡೆ ಹೋಗಿ ಕೇಳುವಂತಾಗಿದೆ. ಇದು ಸಭೆಗಳು ಒಪ್ಪಿಕೊಳ್ಳಬೇಕಾದ ಮಾತು.

ಮರೆವಿನ ಎರಡು ವರ್ಷದ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ಪತ್ರದ ಭಾರವೆಲ್ಲ ಅಲ್ಲಿಯೇ ಇದೆ ಅನಿಸುತ್ತದೆ. ಮಕ್ಕಳ ಗುರುತು ಹತ್ತದವಳಿಗೆ ಯೇಸುವಿನ ಗುರುತು ಹತ್ತಿತ್ತೇ? ನೆನಪು ಅಳಿಸಿದರೆ ನಂಬಿಕೆಯೂ ಅಳಿಸುತ್ತದೆಯೇ? ನಂಬಿಕೆ ತಲೆಯೊಳಗಿನ ತಿಳಿವಳಿಕೆ ಮಾತ್ರವಾಗಿದ್ದರೆ ಹೌದೆನ್ನಬೇಕಾಗುತ್ತಿತ್ತು. ಪೌಲ ಗಲಾತ್ಯದವರಿಗೆ 4:9ರಲ್ಲಿ 'ನೀವು ದೇವರನ್ನು ತಿಳಿದಿದ್ದೀರಿ' ಎಂದು ಬರೆಯಹೊರಟು, ಅಲ್ಲಲ್ಲ ಎಂದು ತನ್ನನ್ನೇ ತಿದ್ದಿಕೊಂಡು, 'ದೇವರೇ ನಿಮ್ಮನ್ನು ತಿಳಿದುಕೊಂಡಿದ್ದಾನೆ' ಎನ್ನುತ್ತಾನೆ. ಸಂಬಂಧದ ಹಗ್ಗದ ಗಟ್ಟಿ ತುದಿ ಯಾರ ಕೈಯಲ್ಲಿದೆ ಎಂದು ಆ ತಿದ್ದುಪಡಿ ಹೇಳುತ್ತದೆ. 2 ತಿಮೊಥೆಯ 2:13 ಇನ್ನೂ ಮುಂದೆ ಹೋಗಿ, ನಾವು ಅಪನಂಬಿಗಸ್ತರಾದರೂ ಆತನು ನಂಬಿಗಸ್ತನಾಗಿಯೇ ಇರುವನು ಎನ್ನುತ್ತದೆ. ರೋಗದಿಂದ ಮರೆತವರ ಮಾತಂತೂ ಅಪನಂಬಿಗಸ್ತಿಕೆಯೂ ಅಲ್ಲ. ಎಷ್ಟೋ ಮಾತು ಹೋದ ಮೇಲೂ, ಚಿಕ್ಕಂದಿನಿಂದ ರೂಢಿಯಾದ ಪ್ರಾರ್ಥನೆ ಮತ್ತು ಹಾಡು ಮರೆವಿನ ರೋಗಿಗಳಲ್ಲಿ ಬಹಳ ದಿನ ಉಳಿಯುವುದುಂಟು. ಅದನ್ನು ರಕ್ಷಣೆಯ ರುಜುವಾತು ಎಂದು ತಮ್ಮನ ಮುಂದೆ ಹಿಡಿಯಬೇಡಿ, ಅದು ಮೆದುಳಿನ ಸ್ವಭಾವವೂ ಹೌದು. ಆದರೆ ನೀವು ಮೊದಲ ಸಾಲು ಹೇಳಿ ಅವ್ವ ಉಳಿದದ್ದನ್ನು ಮುಗಿಸಿದರಲ್ಲ, ಸಭೆ ಎಂದರೆ ಅದೇ: ಒಬ್ಬರಿಗೆ ನೆನಪಾಗದ್ದನ್ನು ಇನ್ನೊಬ್ಬರು ಎತ್ತಿಕೊಡುವುದು.

ಅವ್ವ ಈಗ ಎಲ್ಲಿದ್ದಾರೆ? ಕ್ರೈಸ್ತ ಬೋಧನೆಯಲ್ಲಿ ಇದಕ್ಕೆ ಎರಡು ಹಂತದ ಉತ್ತರವಿದೆ. ಎರಡನ್ನೂ ಕಲಸಿದರೆ ಗೊಂದಲವಾಗುತ್ತದೆ. ಮೊದಲ ಹಂತ ಈಗಿನದು: ಶಿಲುಬೆಯ ಮೇಲಿನ ಕಳ್ಳನಿಗೆ ಯೇಸು 'ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ' ಎಂದ (ಲೂಕ 23:43). ದೀಕ್ಷಾಸ್ನಾನವಿಲ್ಲ, ಸ್ಥಿರೀಕರಣವಿಲ್ಲ, ಒಂದು ಒಳ್ಳೆಯ ಕೆಲಸಕ್ಕೂ ಸಮಯವಿರಲಿಲ್ಲ. ಪೌಲನಿಗೂ ಸಾಯುವುದೆಂದರೆ 'ಕ್ರಿಸ್ತನ ಜೊತೆ ಇರುವುದು' (ಫಿಲಿಪ್ಪಿಯವರಿಗೆ 1:23). ಅಲ್ಲಿ ಹೇಗಿರುತ್ತದೆ ಎಂಬ ವಿವರಕ್ಕೆ ಬೈಬಲ್ ಹೋಗುವುದಿಲ್ಲ, ಯಾರ ಜೊತೆ ಎಂದಷ್ಟೇ ಹೇಳುತ್ತದೆ. ಎರಡನೆಯ ಹಂತ ಇನ್ನೂ ಬರಬೇಕಾದದ್ದು: ಶರೀರದ ಪುನರುತ್ಥಾನ, ಹೊಸ ಆಕಾಶ, ಹೊಸ ಭೂಮಿ (1 ಕೊರಿಂಥದವರಿಗೆ 15, ಪ್ರಕಟನೆ 21). ಕ್ರೈಸ್ತರ ಕೊನೆಯ ನಿರೀಕ್ಷೆ ಆತ್ಮ ದೇಹ ಬಿಟ್ಟು ಮೇಲೆ ಹೋಗುವುದಲ್ಲ, ದೇಹದೊಡನೆ ಏಳುವುದು. ನಮ್ಮ ಸಮಾಧಿಗಳ ಮೇಲೆ 'ಕರ್ತನಲ್ಲಿ ನಿದ್ರೆಹೋದರು' ಎಂದು ಬರೆಯುವುದು ಇದರಿಂದ, ನಿದ್ರೆಹೋದವರು ಏಳುತ್ತಾರೆ.

ಬಾಜೂ ಮನೆಯ ಅಜ್ಜಾರ ಮಾತಿನಲ್ಲಿ ಪ್ರೀತಿಯಿದೆ, ಅದನ್ನು ಪ್ರೀತಿಯಿಂದಲೇ ತೆಗೆದುಕೊಳ್ಳಿ. ವಿಷಯ ಮಾತ್ರ ಒಂದೇ ಅಲ್ಲ. ಮೋಕ್ಷ ಎಂದರೆ ಹುಟ್ಟುಸಾವಿನ ಸುತ್ತಿನಿಂದ ಬಿಡುಗಡೆ. ಶರಣರ ಲಿಂಗೈಕ್ಯದಲ್ಲಿ ಭಕ್ತ ಬೇರೆಯಾಗಿ ಉಳಿಯದೆ ಒಂದಾಗುತ್ತಾನೆ. ಕ್ರೈಸ್ತರ ನಿತ್ಯಜೀವದಲ್ಲಿ ಅವ್ವ ಅವ್ವನಾಗಿಯೇ ಉಳಿಯುತ್ತಾಳೆ, ಹೆಸರು ಹಿಡಿದು ಕರೆದರೆ ಓಗೊಡುವವಳಾಗಿ. 'ಹೊಸದಾಗಿ ಹುಟ್ಟಬೇಕು' ಎಂಬ ಮಾತನ್ನು (ಯೋಹಾನ 3:3) ಪುನರ್ಜನ್ಮ ಎಂದು ಅರ್ಥಮಾಡುವವರೂ ಇದ್ದಾರೆ. ಮೂಲದ 'ಆನೋಥೆನ್' ಪದಕ್ಕೆ 'ಮತ್ತೆ', 'ಮೇಲಿನಿಂದ' ಎಂಬ ಎರಡೂ ಅರ್ಥ ಉಂಟು. ಯೇಸುವಿನಿಂದ ಆ ಮಾತು ಕೇಳಿದ ನಿಕೊದೇಮನೇ ಮೊದಲನೆಯದನ್ನಷ್ಟೇ ಹಿಡಿದು ಮುದುಕ ತಾಯಿಯ ಹೊಟ್ಟೆಗೆ ಮತ್ತೆ ಹೋಗುವುದು ಹೇಗೆಂದು ಕೇಳಿದ.

ನಾದಿನಿಯವರ ಪೂಜೆಯ ಬಗ್ಗೆ. ಕಥೋಲಿಕರ ಶುದ್ಧೀಕರಣ ಸ್ಥಳದ ಬೋಧನೆ ಸತ್ತ ಮೇಲೆ ಸಿಗುವ ಎರಡನೇ ಅವಕಾಶದ ಮಾತಲ್ಲ. ದೇವರ ಸ್ನೇಹದಲ್ಲಿಯೇ ಸತ್ತು, ರಕ್ಷಣೆ ನಿಶ್ಚಯವಾದವರು ಆತನ ಮುಂದೆ ನಿಲ್ಲುವ ಮುನ್ನ ಪೂರ್ತಿ ಶುದ್ಧರಾಗುವುದು ಎಂದರ್ಥ. ಆಕೆ ಪೂಜೆ ಇಡಿಸುವುದೆಂದರೆ 'ನಿಮ್ಮವ್ವ ರಕ್ಷಣೆ ಹೊಂದಿದವಳು' ಎಂದು ನಂಬಿಯೇ ಇಡಿಸುವುದು. ಕಥೋಲಿಕರಲ್ಲದವರ ಹೆಸರಿನಲ್ಲೂ ಪೂಜೆ ಅರ್ಪಿಸಬಹುದು, ಅವರ 1983ರ ಸಭಾ ಕಾನೂನಿನ 901ನೇ ವಿಧಿಯಲ್ಲಿ ಯಾರಿಗಾದರೂ, ಬದುಕಿದ್ದವರಿಗೂ ತೀರಿದವರಿಗೂ, ಎಂದಿದೆ. ಇದಕ್ಕೆ ಆಧಾರವಾದ 2 ಮಕ್ಕಬಿಯರ 12ನೇ ಅಧ್ಯಾಯ ಅವರ 73 ಪುಸ್ತಕಗಳ ಬೈಬಲಿನಲ್ಲಿದೆ, ನಿಮ್ಮ 66ರಲ್ಲಿ ಇಲ್ಲ. ಹಾಗಾಗಿ ನಿಮ್ಮ ಸಭೆ ತೀರಿದವರಿಗಾಗಿ ದೇವರಿಗೆ ಸ್ತೋತ್ರ ಹೇಳುವಲ್ಲಿಗೆ ನಿಲ್ಲುತ್ತದೆ. ನೀವು ಒಪ್ಪಬೇಕಿಲ್ಲ, ತಡೆಯಲೂ ಬೇಕಿಲ್ಲ. ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಬಂದರೆ ಯಾರ ನಂಬಿಕೆಯೂ ಕೆಡುವುದಿಲ್ಲ.

ನಿತ್ಯಜೀವ ಸತ್ತ ಮೇಲೆ ಶುರುವಾಗುವುದು ಎಂಬ ತಿಳಿವಳಿಕೆಯೂ ಪೂರ್ತಿ ಸರಿಯಲ್ಲ. ನನ್ನ ಮಾತು ಕೇಳಿ ನಂಬುವವನು ಈಗಾಗಲೇ ಮರಣದಿಂದ ಪಾರಾಗಿ ಜೀವಕ್ಕೆ ಸೇರಿದ್ದಾನೆ ಎಂದು ಯೋಹಾನ 5:24. ದೇವರನ್ನೂ ಆತನು ಕಳುಹಿಸಿದ ಯೇಸುವನ್ನೂ ತಿಳಿಯುವುದೇ ನಿತ್ಯಜೀವ ಎಂದು 17:3. ಇದನ್ನು ನಮ್ಮ ಕಡೆಯವರಿಗೆ ತಿಳಿಸಲು ಕನ್ನಡ ಬೈಬಲಿನಲ್ಲೇ ಒಂದು ಚಂದದ ಪದವಿದೆ: ಸಂಚಕಾರ. ಎಫೆಸದವರಿಗೆ 1:14 ತೆಗೆಯಿರಿ. ಪವಿತ್ರಾತ್ಮನು ನಮ್ಮ ಬಾಧ್ಯತೆಗೆ ಸಂಚಕಾರ. ಇವತ್ತಿನ ಹುಡುಗರು 'ಪ್ರಾಣಕ್ಕೆ ಸಂಚಕಾರ' ಎಂಬುದನ್ನಷ್ಟೇ ಕೇಳಿದವರು, ಪವಿತ್ರಾತ್ಮನಿಂದ ಅಪಾಯವೇ ಎಂದು ಗಾಬರಿಯಾಗಬಹುದು. ಹೊಲ ಹಿಡಿದವರಿಗೆ ಹಾಗಾಗುವುದಿಲ್ಲ. ಹತ್ತು ಲಕ್ಷದ ಹೊಲಕ್ಕೆ ಒಂದು ಲಕ್ಷ ಮುಂಗಡ ಕೊಟ್ಟು ಬರೆಸುವ ಕಾಗದವೇ ಸಂಚಕಾರ ಪತ್ರ. ಅದರಲ್ಲಿ ಮೂರು ಸಂಗತಿಗಳಿವೆ. ಮುಂಗಡದ ರೂಪಾಯಿ ಉಳಿದ ಒಂಬತ್ತು ಲಕ್ಷದ ಜಾತಿಯದೇ, ಬೇರೆ ಸಾಮಾನಲ್ಲ. ಈಗ ಸಿಕ್ಕ ಜೀವವೂ ಮುಂದಿನ ಜೀವದ ತುಣುಕೇ. ಬಾಕಿ ಇನ್ನೂ ಬರಬೇಕು. ಹಾಗಾಗಿಯೇ ನಂಬಿದವರಿಗೂ ಬೇನೆ, ಮರೆವು, ಸಾವು ತಪ್ಪಿಲ್ಲ. ಕೊಟ್ಟವನು ಹಿಂದೆ ಸರಿದರೆ ನಷ್ಟ ಅವನದೇ. ಇಲ್ಲಿ ಕೊಟ್ಟವನು ದೇವರು. 'ಅರಬೋನ್' ಎಂಬ ಈ ಪದ ಹೊಸ ಒಡಂಬಡಿಕೆಯಲ್ಲಿ ಮೂರೇ ಸಲ ಬರುತ್ತದೆ, ಉಳಿದೆರಡು 2 ಕೊರಿಂಥದವರಿಗೆ 1:22 ಮತ್ತು 5:5.

ತಮ್ಮನ ಜೊತೆ ಮಾತಾಡುವಾಗ ಒಂದೊಂದೇ ವಚನ ಎಸೆದಾಡಬೇಡಿ. ಅವರು 10:9 ಎನ್ನುತ್ತಾರೆ, ನೀವು ಯಾಕೋಬ ಎನ್ನುತ್ತೀರಿ, ಚಹಾ ಆರುತ್ತದೆ. ರೋಮಾಪುರದವರಿಗೆ 3:21ರಿಂದ 5:11ರವರೆಗೆ 47 ವಚನಗಳಿವೆ, ಇಬ್ಬರೂ ಸರದಿಯ ಮೇಲೆ ಗಟ್ಟಿಯಾಗಿ ಓದಿದರೆ ಹತ್ತು ನಿಮಿಷದ ಚಿಲ್ಲರೆ. ಅದು ಮುಗಿದ ಮೇಲೆ ಯಾಕೋಬ 2:14ರಿಂದ 26, ಹದಿಮೂರು ವಚನ. ನಡುವೆ ನಿಲ್ಲಿಸಿ ವಾದಿಸಬಾರದು ಎಂದು ಮೊದಲೇ ಮಾತಾಗಲಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಅವ್ವ ಯಾರ ಮೇಲೆ ಭಾರ ಹಾಕಿದ್ದಳು ಅಂತ ನಿನಗ ಅನಸ್ತದ? ಮಗನಾಗಿ ಅವರಿಗೆ ಉತ್ತರ ಗೊತ್ತಿರುತ್ತದೆ. ಅವರ ಪ್ರಶ್ನೆಯ ಹಿಂದೆ ಅವ್ವನನ್ನು ಮತ್ತೆ ಕಾಣುತ್ತೇನೋ ಇಲ್ಲವೋ ಎಂಬ ಹೆದರಿಕೆ ಇರುವ ಸಂಭವವೇ ಹೆಚ್ಚು. ಹೆದರಿದವರಿಗೆ ವಾದ ಗೆದ್ದು ತೋರಿಸಿ ಉಪಯೋಗವಿಲ್ಲ.

ಕಲ್ಲಿಗೆ ಸಣ್ಣ ವಚನ ಸಾಕು. ಉದ್ದದ್ದು ಕೆತ್ತಿಸಿದರೆ ಅಕ್ಷರ ಸಣ್ಣವಾಗಿ ಕೆಲವು ಮಳೆಗಾಲದಲ್ಲಿ ಕಾಣದಾಗುತ್ತವೆ. 'ನಾನೇ ಪುನರುತ್ಥಾನವೂ ಜೀವವೂ' ಎಂಬ ಯೋಹಾನ 11:25 ಎಲ್ಲರೂ ಹಾಕಿಸುವುದು, ಒಳ್ಳೆಯದೇ. ನಿಮ್ಮ ಅವ್ವನವರಿಗೆ 2 ತಿಮೊಥೆಯ 2:19ರ ಮಾತು, ಕರ್ತನು ತನ್ನವರನ್ನು ಬಲ್ಲನು ಎಂಬುದು, ಹೆಚ್ಚು ಒಪ್ಪುತ್ತದೆ ಎಂದು ನನ್ನ ಅಭಿಪ್ರಾಯ. ಮನೆಯ ಬೈಬಲಿನಲ್ಲಿ ಇದ್ದ ಹಾಗೆ ಅಕ್ಷರಕ್ಕೆ ಅಕ್ಷರ ನಕಲು ಮಾಡಿ ಕೊಡಿ, ಬಾಯಲ್ಲಿ ಹೇಳಬೇಡಿ. ಹುಟ್ಟಿದ ದಿನ ಜೂನ್ 1 ಎಂದಿದ್ದು ಅನುಮಾನವಿದ್ದರೆ ವರ್ಷವನ್ನಷ್ಟೇ ಬರೆಸಿ, ಅಥವಾ ಸಭೆಯ ದೀಕ್ಷಾಸ್ನಾನದ ರಿಜಿಸ್ಟರ್ ತೆಗೆಸಿ ನೋಡಿ. ಅಲ್ಲಿ ಸ್ನಾನದ ದಿನದ ಜೊತೆ ಹುಟ್ಟಿದ ದಿನವನ್ನೂ ಬರೆದಿಡುವ ರೂಢಿಯಿದೆ. 'ನಿತ್ಯಜೀವ' ಎಂಬ ಪದ ಬರುವ ವಚನ ಆರಿಸಿದರೆ ಕೆತ್ತುವ ಮುಂಚೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ಹೋಗಿ ಒಮ್ಮೆ ನೋಡಿಬನ್ನಿ. ರೂಢಿಯ ಮೇಲೆ ಕೈ 'ನಿತ್ಯಜೀವನ' ಎಂದು ಬರೆದುಬಿಡುತ್ತದೆ, ಅದಕ್ಕೆ ದಿನದ ಸಂಸಾರ ಎಂದರ್ಥ. ಅವ್ವ ಅದನ್ನು 78 ವರ್ಷ ಮಾಡಿ ಮುಗಿಸಿದ್ದಾರೆ.